ಎಡಗಾಲಿನ ಚಪ್ಪಲಿ

ಠಣ್!

ಕಬ್ಬಿಣದ ರಾಡು ಬಾನೆಟ್ ಮೇಲೆ ಬಿತ್ತು.

ಎರಡನೇ ಏಟು ಮುಂದಿನ ಗಾಜಿಗೆ. ಒಡೆಯಲಿಲ್ಲ, ಆದರೆ ಈ ತುದಿಯಿಂದ ಆ ತುದಿಗೆ ಬಿರುಕು ಬಿಟ್ಟಿತು. ಬಿರುಕಿನ ಆಚೆ ಉಮೇಶನ ಮುಖ ಎರಡು ತುಂಡಾಗಿ ಕಾಣುತ್ತಿತ್ತು. ಒಂದು ತುಂಡನ್ನೇ ನೋಡುವ ಹಾಗಿರಲಿಲ್ಲ.

"ಇಳೀರಿ ಅಕ್ಕಾ! ಗಾಡಿ ಬಿಟ್ಟು ಇಳೀರಿ!"

"ಇಳಿಯಲ್ಲ ಕಣೋ."

"ಸುಮ್ನೆ ಸಾಯ್ತೀರಾ!"

"ಕ್ಯೂನಲ್ಲಿ ನಿಂತ್ಕೋ. ಈ ಮಾತು ನಿನಗಿಂತ ಮುಂಚೆ ಹೇಳಿದೋರು ತುಂಬಾ ಜನ ಇದಾರೆ."

ಕೀ ತಿರುಗಿಸಿದೆ. ಎಂಜಿನ್ ಕೆಮ್ಮಿತು... ಸತ್ತಿತು. ಇನ್ನೊಮ್ಮೆ. ಮತ್ತೆ ಅದೇ ಕೆಮ್ಮು. ನಲವತ್ತು ವರ್ಷದ ಕಾರು ಸ್ವಾಮಿ!

ಅಬ್ಬಿಗೆರೆಯ ಒಂದು ತಗಡಿನ ಶೆಡ್ಡು. ಬಾಗಿಲಿಗೆ ಅಡ್ಡವಾಗಿ ಉಮೇಶನ ಬಿಳಿ ಎಸ್‌ಯುವಿ. ನನ್ನ ಪಕ್ಕದಲ್ಲಿ ವೇದಾ ಅನ್ನೋ ಹುಡುಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ. ಹಿಂದಿನ ಸೀಟಿನಲ್ಲಿ ಕಾರಿನ ಒಡತಿ ಮುನಿನಾರಾಯಣಮ್ಮ. ಎಪ್ಪತ್ತೆರಡು ವರ್ಷ. ಎಲೆ ಅಡಿಕೆ ಜಗಿಯುತ್ತಾ ಕೂತಿದ್ದಾರೆ. ಗಂಟೆ ಮೂರೂ ಮುಕ್ಕಾಲು. ಐದರೊಳಗೆ ನಾವು ಹೆಬ್ಬಾಳದಲ್ಲಿರಬೇಕು. ಇಲ್ಲದಿದ್ದರೆ ಈ ಹುಡುಗಿ ಮಾಡದ ಕಳ್ಳತನಕ್ಕೆ ಜೈಲು ಸೇರುತ್ತಾಳೆ.

"ಚೋಕ್ ಎಳಿಯವ್ವಾ!" ಮುನಿನಾರಾಯಣಮ್ಮ ಹಿಂದಿನಿಂದ ಗದರಿದರು. "ಬರೀ ಕೀ ತಿರುವಿದ್ರೆ ಎದ್ದೇಳಕ್ಕೆ ಅದೇನ್ ನಿನ್ ಮೊಬೈಲಾ?"

ಚೋಕ್ ಎಳೆದೆ. ಗುರ್ರ್... ಎಂಜಿನ್‌ಗೆ ಜೀವ ಬಂತು.

"ಮುಂದೆ ದಾರಿ ಇಲ್ಲ ಅಮ್ಮಾ!"

"ಇಂದಕ್ಕೆ ಬಿಡು."

"ಹಿಂದೆ ತಗಡಿದೆ!"

"ನಂದೇ ತಗಡು. ಒಡಿ!"

ರಿವರ್ಸ್ ಹಾಕಿ ಕಾಲು ಒತ್ತಿದೆ. ಧಡಾರ್! ತಗಡು ಹರಿದು ಹಿಂದಿನ ಖಾಲಿ ಸೈಟಿಗೆ ಬಂದು ಬಿದ್ದೆವು.

ಅವತ್ತು ಬೆಳಗ್ಗೆ ಇದೇ ಉಮೇಶ ನನಗೆ ಕಾಫಿ ಕೊಡಿಸಿದ್ದ. ಅದನ್ನು ಮೊದಲು ಹೇಳಿಬಿಡ್ತೀನಿ. ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ನನ್ನ ಹೆಸರು ಕಲಾವತಿ. ಹನ್ನೊಂದು ವರ್ಷ ಪೊಲೀಸ್ ಜೀಪ್ ಓಡಿಸಿದೆ. ಬಿಟ್ಟೆ. ಈಗ ಕಂಪನಿಗಳ ಪರವಾಗಿ ನಕಲಿ ಮಾಲು ಹಿಡಿಯುತ್ತೇನೆ. ನಕಲಿ ಸೋಪು, ನಕಲಿ ಊದುಬತ್ತಿ, ನಕಲಿ ಬ್ರೇಕ್ ಲೈನರ್. ಮಂಡಿ ನೋವಿದೆ, ಕೋಪ ಅದಕ್ಕಿಂತ ಜಾಸ್ತಿ ಇದೆ.

ಬೆಳಗ್ಗೆ ಹತ್ತಕ್ಕೆ ಹೆಬ್ಬಾಳದ ಒಂದು ಗಾಜಿನ ಬಿಲ್ಡಿಂಗಿಗೆ ಕರೆಸಿದ್ದರು. ಏಳನೇ ಮಹಡಿ. ಕರ್ಬ್‌ಸ್ಟೋನ್ ಗೇಮ್ಸ್ ಅನ್ನೋ ಕಂಪನಿ. ಶರತ್ ಅಲ್ಲಿಯ ಲೈಸೆನ್ಸಿಂಗ್ ಮ್ಯಾನೇಜರ್. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದ ನಗು. ಅವನು ಹೇಳಿದ ಕಡೆ ಕೈಯೆತ್ತಲು ಉಮೇಶ.

"ಕಲಾವತಿ ಮೇಡಂ, ಕಾರ್ ಗೇಮ್ ಆಡಿದೀರಾ?"

"ದಿನಾ ಹೆಬ್ಬಾಳ ಫ್ಲೈಓವರ್ ದಾಟ್ತೀನಿ. ಅದಕ್ಕಿಂತ ಆಟ ಬೇಕಾ?"

ಅವನು ನಗಲಿಲ್ಲ. ಗೋಡೆಯಷ್ಟು ದೊಡ್ಡ ಸ್ಕ್ರೀನ್ ಆನ್ ಮಾಡಿದ. ಅದರಲ್ಲೊಂದು ಕೆಂಪು ಕಾರು ತಿರುಗುತ್ತಿತ್ತು.

"ಭೇರುಂಡ. ಎಂಬತ್ತರ ದಶಕದಲ್ಲಿ ಯಶವಂತಪುರದಲ್ಲಿ ಮಾಡಿದ ರ್‍ಯಾಲಿ ಕಾರು. ಮಾಡಿದ್ದು ಅರವತ್ತೇ. ಆಮೇಲೆ ಫ್ಯಾಕ್ಟರಿ ಮುಚ್ಚಿತು. ಈಗ ಇದಕ್ಕೆ ಫಾರಿನ್ನಲ್ಲಿ ಹುಚ್ಚು ಹಿಡಿದೋರಿದಾರೆ. ಇದರ ಹೆಸರು, ಡಿಸೈನು ಎಲ್ಲಾ ಓನರ್ ಮಗಳು ಮೋನಿಕಾ ಮೇಡಂ ಹತ್ರ ಇದೆ. ಅವರ ಹತ್ರ ನಾವು ಎಕ್ಸ್‌ಕ್ಲೂಸಿವ್ ಲೈಸೆನ್ಸ್ ತಗೊಂಡಿದೀವಿ. ಏಳು ವರ್ಷ ಈ ಕಾರು ನಮ್ಮ ಗೇಮಲ್ಲಿ ಮಾತ್ರ ಓಡಬೇಕು. ಬೇರೆಯವರು ಕಾಲಿಗೆ ಬಿದ್ರೂ ಸಿಗಲ್ಲ."

"ಆಟದ ಕಾರಿಗೂ ಬೇಲೀನಾ?"

"ಬೇಲೀನೇ ಬಿಸಿನೆಸ್ಸು ಮೇಡಂ."

ಆ ಬೇಲಿ ಹಾರಿದ್ದು ವಿದ್ಯಾರಣ್ಯಪುರದ ವೇದಾ ಅನ್ನೋ ಹುಡುಗಿಯಂತೆ. ಒಬ್ಬಳೇ ಕೂತು ಗೇಮ್ ಮಾಡ್ತಾಳಂತೆ. ಶರತ್ ಕಂಪನಿಯ ಕಂಪ್ಯೂಟರಿನಿಂದ ಸ್ಕ್ರೀನ್ ಮೇಲಿನ ಈ ಕಾರಿನ ಮಾಡೆಲ್ಲನ್ನೇ ಕದ್ದಿದ್ದಾಳಂತೆ. ನಾನು ಹೋಗಿ ಅವಳ ಹಾರ್ಡ್ ಡಿಸ್ಕ್ ತರಬೇಕು, ತಪ್ಪೊಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸಬೇಕು.

"ಹಾಕದಿದ್ರೆ?"

"ಕಂಪ್ಲೇಂಟ್ ಟೈಪ್ ಆಗಿ ಕೂತಿದೆ. ಐದು ಗಂಟೆಗೆ ಸ್ಟೇಷನ್‌ಗೆ ಹೋಗುತ್ತೆ. ಡೇಟಾ ಕಳ್ಳತನ. ಸೀದಾ ಒಳಗೆ."

"ಐದೇ ಯಾಕೆ?"

"ಐದಕ್ಕೆ ಮೋನಿಕಾ ಮೇಡಂ ಇಲ್ಲಿಗೆ ಬಂದು ಮಾಡೆಲ್ ನೋಡಿ ಫೈನಲ್ ಸೈನ್ ಹಾಕ್ತಾರೆ. ಅಷ್ಟರಲ್ಲಿ ಕಸ ಕ್ಲೀನ್ ಆಗಿರ್ಬೇಕು. ತುಂಬಾ ಸ್ಟ್ರಿಕ್ಟು ಆಯಮ್ಮ. ಮಾಡೆಲ್ ನಿನ್ನೆಯೇ ಲಾಕ್ ಮಾಡಿಸಿದಾರೆ, ಇನ್ನು ಒಂದು ಸ್ಕ್ರೂ ಬದಲಾಯಿಸೋ ಹಾಗಿಲ್ಲ. ಅವರ ಶೆಡ್ಡಲ್ಲಿರೋ ಕಾರನ್ನೇ ಸ್ಕ್ಯಾನ್ ಮಾಡಿ ಮಾಡೆಲ್ ಮಾಡ್ಬೇಕು ಅಂತ ಕಂಡಿಷನ್. ಬೇರೆ ಕಾರು ಅಂತ ಗೊತ್ತಾದ್ರೆ ಲೈಸೆನ್ಸೇ ಕ್ಯಾನ್ಸಲ್!"

ಕಾರು ಇನ್ನೂ ತಿರುಗುತ್ತಿತ್ತು. ಮುಂದಿನ ಬಂಪರ್ ಕೆಳಗೆ ಏನೋ ಒಂದು ತೂಗಾಡುತ್ತಿತ್ತು. ಉದ್ದಕ್ಕೆ, ಚಪ್ಪಟೆಯಾಗಿ, ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

"ಅದೇನ್ ಸರ್?"

ಶರತ್ ಎದೆ ಉಬ್ಬಿತು. "ಏರೋ ಫ್ಲಾಪ್. ಗಾಳಿ ಸೀಳೋ ಪಟ್ಟಿ, ಕಾರ್ಬನ್ ಫೈಬರ್‌ದು. ನಮ್ಮ ಫಾರಿನ್ ಆರ್ಟಿಸ್ಟು ಅದೊಂದಕ್ಕೇ ಎರಡು ವಾರ ಕೂತಿದ್ದ!"

ನನಗೇನು ಗೊತ್ತು? ಇರಬಹುದು ಅಂದುಕೊಂಡೆ.

ಕೆಳಗೆ ಬಂದಾಗ ಉಮೇಶ ಕಾಫಿ ಕೊಡಿಸಿದ. ಸಕ್ಕರೆ ಜಾಸ್ತಿ ಇತ್ತು. ಅವಾಗಲೇ ಅನುಮಾನ ಪಡಬೇಕಿತ್ತು.

ನಾನು ಸ್ಕೂಟರ್‌ನಲ್ಲಿ, ಅವನು ಹಿಂದೆ ಎಸ್‌ಯುವಿಯಲ್ಲಿ. ಮಧ್ಯಾಹ್ನ ಎರಡರ ಹೊತ್ತಿಗೆ ವಿದ್ಯಾರಣ್ಯಪುರ ತಲುಪಿದೆವು. ಮನೆ ಮೇಲಿನ ಒಂದು ರೂಮು. ಎರಡು ಕಂಪ್ಯೂಟರು, ಒಂದು ಫ್ಯಾನು, ಕುಕ್ಕರಿನಲ್ಲಿ ತಣ್ಣಗಾದ ಚಿತ್ರಾನ್ನ. ವೇದಾಗೆ ಇಪ್ಪತ್ತಾರು ಇರಬಹುದು. ಪತ್ರ ಓದಿ ಟೇಬಲ್ ಮೇಲೆ ಎಸೆದಳು.

"ಕದ್ದಿದ್ದು ನಾನಲ್ಲ, ಅವರು! ಆ ಕಾರನ್ನ ನಾನು ನಾಲ್ಕು ತಿಂಗಳು ಸ್ಕ್ಯಾನ್ ಮಾಡಿದೀನಿ. ಹೋದ ವರ್ಷ ಪರ್ಮಿಷನ್ ಕೇಳೋಕೆ ಶರತ್ ಹತ್ರ ಹೋಗಿದ್ದೆ. ಮಾಡೆಲ್ ಕಳ್ಸಿ, ನೋಡ್ತೀವಿ ಅಂದ್ರು. ಕಳ್ಸಿದೆ. ಎಕ್ಸ್‌ಕ್ಲೂಸಿವ್ ಕಣ್ರೀ, ಕೊಡಲ್ಲ ಅಂತ ಓಡಿಸಿದ್ರು. ಫೈಲ್ ಮಾತ್ರ ಇಟ್ಕೊಂಡ್ರು!"

"ಎಲ್ಲಾ ಕಳ್ಳರೂ ಹಿಂಗೇ ಹೇಳ್ತಾರಮ್ಮಾ."

"ಪ್ರೂಫ್ ಇದೆ! ಒರಿಜಿನಲ್ ಸ್ಕ್ಯಾನು, ಡೇಟು, ಎಲ್ಲಾ ಈ ಡಿಸ್ಕಲ್ಲಿದೆ."

ಡಿಸ್ಕನ್ನು ಕೈಯಲ್ಲಿ ಎತ್ತಿ ತೋರಿಸಿದಳು. ಅಷ್ಟೇ! ಉಮೇಶ ಕಿತ್ತುಕೊಂಡ. ದಡದಡ ಮೆಟ್ಟಿಲಿಳಿದ. ರಸ್ತೆಯಲ್ಲಿಟ್ಟು ಎಸ್‌ಯುವಿ ಹತ್ತಿಸಿದ. ಮುಂದಕ್ಕೊಮ್ಮೆ. ಹಿಂದಕ್ಕೊಮ್ಮೆ.

ವೇದಾ ಗೇಟಿನ ಹತ್ತಿರ ಕುಸಿದು ಕೂತಳು.

ನಾನು ನಿಂತಲ್ಲೇ ನಿಂತಿದ್ದೆ. ಇಷ್ಟು ವರ್ಷದಲ್ಲಿ ಸಾವಿರ ರೇಡು ಮಾಡಿದ್ದೇನೆ ಸ್ವಾಮಿ. ಮಾಲು ಕಳೆದುಕೊಂಡವನು ಮಾಲು ಸಿಕ್ಕಾಗ ಏನು ಮಾಡುತ್ತಾನೆ? ಎದೆಗೆ ಅವುಚಿಕೊಳ್ಳುತ್ತಾನೆ. ಸೀಲ್ ಹಾಕಿಸುತ್ತಾನೆ, ಕೋರ್ಟಿಗೆ ಒಯ್ಯುತ್ತಾನೆ. ಯಾವನಾದರೂ ಟೈರಿನ ಕೆಳಗೆ ಹಾಕ್ತಾನಾ?

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿ ಕಾಯೋಕೆ ನಾನು ಕೋಲು ಹಿಡಿದು ಬಂದಿದ್ದೆ! ನಾಚಿಕೆ ಆಯಿತು. ನಾಚಿಕೆ ಆದರೆ ನನಗೆ ಅಳು ಬರಲ್ಲ, ಕೋಪ ಬರುತ್ತೆ.

ಅಷ್ಟರಲ್ಲಿ ವೇದಾ ಎದ್ದು ಉಮೇಶನಿಗೆ ಕಿರುಚಿದಳು. "ಡಿಸ್ಕ್ ಹೋದ್ರೆ ಹೋಗ್ಲಿ! ಅಬ್ಬಿಗೆರೆಲಿ ಗಾಡಿ ಇದೆ! ಗಾಡಿಲಿ ಚಪ್ಪಲಿ ಇದೆ!"

ಬಾಯಿ ಬಿಟ್ಟರೆ ಬಣ್ಣಗೇಡು. ಉಮೇಶ ಆಗಲೇ ಫೋನು ಕಿವಿಗಿಟ್ಟು ಶರತ್‌ಗೆ ಹೇಳುತ್ತಿದ್ದ. ನಾನು ಅವಳ ರಟ್ಟೆ ಹಿಡಿದು ಸ್ಕೂಟರ್ ಮೇಲೆ ಕೂರಿಸಿದೆ.

"ಯಾವ ಚಪ್ಪಲಿ?"

"ದೃಷ್ಟಿಗೆ ಕಟ್ಟಿರೋದು! ಬಂಪರ್ ಕೆಳಗೆ! ಸ್ಕ್ಯಾನ್ ಮಾಡೋವಾಗ ತೆಗೀತೀನಿ ಅಂದೆ. ಗಾಡಿ ಓನರ್ ಅಜ್ಜಿ ಮುಟ್ಟೋಕೂ ಬಿಡ್ಲಿಲ್ಲ. ಹಂಗೇ ಸ್ಕ್ಯಾನ್ ಆಯ್ತು. ನಾನು ಶರತ್‌ಗೆ ಕಳ್ಸಿದ್ದು ಬರೀ ಶೇಪು, ಬಣ್ಣ ಇರ್ಲಿಲ್ಲ..."

ಸ್ಕೂಟರ್ ಬ್ರೇಕ್ ಹಾಕಿದೆ. ಆ ಮಿರಮಿರ ಮಿಂಚುವ ಏರೋ ಫ್ಲಾಪ್ ಕಣ್ಣ ಮುಂದೆ ಬಂತು.

ಬಣ್ಣ ಇರಲಿಲ್ಲ. ಯಾವುದೋ ದೇಶದ ಆರ್ಟಿಸ್ಟು. ಅವನೂರಲ್ಲಿ ಕಾರಿಗೆ ಯಾರು ಚಪ್ಪಲಿ ಕಟ್ಟುತ್ತಾರೆ? ಕಾರಿನ ಪಾರ್ಟು ಅಂದುಕೊಂಡು ಕಾರ್ಬನ್ ಫೈಬರ್ ಬಳಿದಿದ್ದಾನೆ! ಎರಡು ವಾರ ಕೂತು!

ಮಧ್ಯರಸ್ತೆಯಲ್ಲಿ ನಕ್ಕೆ. ಹಿಂದಿನ ಆಟೋದವನು ಬೈದ.

ಸಿಂಗಾಪುರದ ಗಲ್ಲಿಗಳಲ್ಲಿ ನುಗ್ಗಿ ಅಬ್ಬಿಗೆರೆ ತಲುಪಿದೆವು. ಹಳೇ ಊರಿನ ಮನೆ, ಈಗ ಸುತ್ತ ನಾಲ್ಕಂತಸ್ತಿನ ಬಿಲ್ಡಿಂಗುಗಳು. ಅವೂ ಮುನಿನಾರಾಯಣಮ್ಮನವೇ. ಶೆಡ್ಡಿನಲ್ಲಿ ಕೆಂಪು ಭೇರುಂಡ. ಬಂಪರ್ ಕೆಳಗೆ ಕಪ್ಪು ದಾರದಲ್ಲಿ ಒಂದು ಹವಾಯಿ ಚಪ್ಪಲಿ. ಎಡಗಾಲಿನದು. ಒಣಗಿ ಕಲ್ಲಾಗಿದೆ. ಕಿತ್ತುಹೋದ ಬಾರಿಗೆ ಒಂದು ಸೇಫ್ಟಿ ಪಿನ್. ಹಿಮ್ಮಡಿ ಒಂದೇ ಕಡೆ ಸವೆದಿದೆ.

"ನಮ್ಮನೆಯೋರದು," ಅಂದರು ಮುನಿನಾರಾಯಣಮ್ಮ. "ಮುನಿಆಂಜಿನಪ್ಪ ಅಂತ. ರೇಸಲ್ಲಿ ಬಿದ್ದು ಕಾಲು ಎಳೀತಿದ್ರು. ಅದಕ್ಕೇ ಇಮ್ಮಡಿ ಇಂಗೆ ಸವೆದದೆ. ಅವರೇ ಕಟ್ಟಿದ್ದು. ನಲವತ್ತು ವರ್ಸ ಆಯ್ತು, ನಾನೂ ಬಿಚ್ಚಿಲ್ಲ."

"ಅಮ್ಮಾ, ಈ ಚಪ್ಪಲಿ ಕೊಡಿ. ಈ ಹುಡುಗಿ ಜೀವ ಉಳಿಯುತ್ತೆ."

"ಕೈ ಇಕ್ಕಿದ್ರೆ ನೋಡು!"

"ಫೋಟೋ ತೋರಿಸಿದ್ರೆ ಸುಳ್ಳು ಅಂತಾರೆ. ನಿಜವಾದದ್ದೇ ಬೇಕು."

ಆಯಮ್ಮ ವೇದಾಳ ಮುಖ ನೋಡಿದರು. ಸ್ಕ್ಯಾನ್ ಮಾಡಲು ಬಂದ ನಾಲ್ಕು ತಿಂಗಳೂ ಆ ಹುಡುಗಿಗೆ ಮುದ್ದೆ ಬಡಿಸಿದ್ದರಂತೆ. "ಚಪ್ಪಲಿ ಬೇಕಂದ್ರೆ ಗಾಡಿ ಸಮೇತ ತಗಂಡೋಗಿ. ನಾನೂ ಬತ್ತೀನಿ."

ಕೂತೆವು. ಅಷ್ಟರಲ್ಲಿ ಎಸ್‌ಯುವಿ ಬಂತು. ರಾಡ್ ಬಂತು. ಅಲ್ಲಿಂದ ನಿಮಗೆ ಗೊತ್ತು.

ಖಾಲಿ ಸೈಟಿನಿಂದ ಮಣ್ಣು ರಸ್ತೆ, ಅಲ್ಲಿಂದ ಮೇನ್ ರೋಡು. ಕನ್ನಡಿಯಲ್ಲಿ ಬಿಳಿ ಎಸ್‌ಯುವಿ. ಭೇರುಂಡ ಹಾರಿತು ಸ್ವಾಮಿ! ಹಳೇ ಕಾರಾದರೂ ಹೊಟ್ಟೆಯಲ್ಲಿ ಬೆಂಕಿ ಇತ್ತು. ಗಂಗಮ್ಮನ ಗುಡಿ ಸರ್ಕಲ್ಲಿನಲ್ಲಿ ಬಸ್ಸಿನ ಮೂತಿಗೆ ಮೂತಿ ತಾಗುವ ಹಾಗೆ ನುಗ್ಗಿದೆ. ಎಳನೀರು ಗಾಡಿಯವನು ಜಿಗಿದ. ವೇದಾ ಯಾವುದೋ ದೇವರ ಹೆಸರು ಹೇಳುತ್ತಿದ್ದಳು.

"ನಿನ್ನ ಗೇಮಲ್ಲಿ ಹಿಂಗೇ ಇರುತ್ತಾ?" ಕೇಳಿದೆ.

"ಗೇಮಲ್ಲಿ ಸತ್ರೆ ವಾಪಸ್ ಬರಬಹುದು ಆಂಟಿ!"

ಎಸ್‌ಯುವಿ ಪಕ್ಕಕ್ಕೆ ಬಂದು ಒತ್ತಿತು. ಬಾಗಿಲು ಕಿರುಗುಟ್ಟಿತು. ನಾನೂ ಒತ್ತಿದೆ. ಅವನ ಕನ್ನಡಿ ಹಾರಿಹೋಯಿತು. ಮುನಿನಾರಾಯಣಮ್ಮ ಕಿಟಕಿಯಿಂದ ಎಲೆ ಅಡಿಕೆ ಉಗಿದರು. ಪಕ್ಕಾ ಗುರಿ. ಅವನ ಬಿಳಿ ಬಾಗಿಲು ಕೆಂಪಾಯಿತು.

ಆಮೇಲೆ ಬಿಇಎಲ್ ಸರ್ಕಲ್ ಬಂತು. ಸಿಗ್ನಲ್. ನೂರಾ ಎಂಬತ್ತು ಸೆಕೆಂಡು.

ಬೆಂಗಳೂರಲ್ಲಿ ಚೇಸ್ ಅಂದರೆ ಇಷ್ಟೇ. ಮುಂದೆ ಬಸ್ಸು, ಹಿಂದೆ ಲಾರಿ, ಎಡಕ್ಕೆ ಆಟೋ, ಬಲಕ್ಕೆ ಡಿವೈಡರ್. ನನ್ನ ಹಿಂದೆ ನಾಲ್ಕನೇ ಗಾಡಿ ಉಮೇಶನದು. ಅವನು ಆರಾಮಾಗಿ ಇಳಿದ. ನಡೆದುಕೊಂಡೇ ಬಂದ. ಕೈಯಲ್ಲಿ ರಾಡ್ ಇರಲಿಲ್ಲ. ಚಾಕು ಇತ್ತು.

ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ದಾರಕ್ಕೆ ಚಾಕು ಇಡಲು ಹೋದ.

ನನ್ನ ಬಾಗಿಲು ಗುದ್ದಿ ಬೆಂಡಾಗಿತ್ತು. ತೆಗೆಯಲು ಬರಲಿಲ್ಲ. ಆ ದಾರ ತುಂಡಾದರೆ ವೇದಾಳ ಕತೆ ಮುಗಿಯಿತು!

ಆದರೆ ಮುನಿನಾರಾಯಣಮ್ಮ ಆಗಲೇ ವೇದಾಳನ್ನು ಇಳಿಸಿ, ಅವಳ ಸೀಟು ಮಡಚಿ ಹೊರಗೆ ಬಂದಿದ್ದರು. ಸೆರಗು ಸಿಕ್ಕಿಸಿಕೊಂಡು ಉಮೇಶನ ತಲೆಯ ಮೇಲೆ ನಿಂತರು.

"ಯಾರ್ ಮಗನ್ಲಾ ನೀನು?"

"ಸುಮ್ನೆ ಒಳಗ್ ಕೂತ್ಕೋ ಅಜ್ಜಿ."

"ಆ ಮೂಗು ನೋಡಿದ್ರೆ ಗೊತ್ತಾಯ್ತದೆ. ನಮ್ಮೂರ್ ಚಿಕ್ಕಹನುಮಯ್ಯನ ಮಗ ಅಲ್ವೇನ್ಲಾ?"

ಉಮೇಶ ತಲೆಯೆತ್ತಿದ. ಅಲ್ಲ ಅನ್ನಲಿಲ್ಲ.

"ಮುಟ್ಟು," ಅಂದರು ಆಯಮ್ಮ. ದನಿ ಏರಿಸಲಿಲ್ಲ. "ಕುಯ್ಯಿ. ನಲವತ್ತು ವರ್ಸದ್ ದೃಷ್ಟಿ ಐತೆ ಅದರಾಗೆ. ಊರವರದು, ನೆಂಟರದು, ಬಾಡಿಗೆಯವರದು, ಎಲ್ಲಾರ್ದೂ. ಬೇರೇರು ಕೈ ಇಕ್ಕಿದ್ರೆ ಎಲ್ಲಾ ಅವರ್ ಮನೆಗೇ ಓಯ್ತದೆ. ನಿನ್ ಹೆಂಡ್ರು ಬಸುರಿ ಅಂತ ನಿಮ್ಮವ್ವ ಏಳ್ತಿದ್ಲು. ಮುಟ್ಟು ನೋಡನ!"

ಚಾಕು ನಿಂತಿತು.

ರಾಡ್ ಎತ್ತಲು ಅಂಜದವನು. ಹುಡುಗಿಯ ನಾಲ್ಕು ತಿಂಗಳ ಬೆವರನ್ನು ಟೈರಿನ ಕೆಳಗೆ ಹಾಕಿದವನು. ಒಂದು ಒಣ ಚಪ್ಪಲಿಯ ಮುಂದೆ ಚಾಕು ಮಡಚಿ ಜೇಬಿಗೆ ಹಾಕಿಕೊಂಡ! ಫೋನು ಬಡಿದುಕೊಳ್ಳುತ್ತಿತ್ತು, ಶರತ್ ಇರಬೇಕು. ಅವನು ತೆಗೆಯಲಿಲ್ಲ.

ಸಿಗ್ನಲ್ ಹಸಿರಾಯಿತು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಹೆಂಗಸರಿಬ್ಬರೂ ಒಳಗೆ ಕೂತರು. ಉಮೇಶ ರಸ್ತೆ ಮಧ್ಯೆ ಕುಕ್ಕರಗಾಲಲ್ಲೇ ಇದ್ದ. ಅವನನ್ನು ಬಳಸಿಕೊಂಡು ಹೋದೆ. ಬೇಕಿದ್ದರೆ ಹತ್ತಿಸಬಹುದಿತ್ತು. ಚಪ್ಪಲಿ ಕಿತ್ತುಹೋದೀತು ಅಂತ ಬಿಟ್ಟೆ.

ಐದಕ್ಕೆ ಆರು ನಿಮಿಷ. ಗಾಜಿನ ಬಿಲ್ಡಿಂಗಿನ ಸೆಕ್ಯೂರಿಟಿ ಕಾರು ನೋಡಿ ಸೆಲ್ಯೂಟ್ ಹೊಡೆದ.

"ಮೋನಿಕಾ ಮೇಡಂ ಗಾಡೀನಾ?"

"ಹೂಂ. ಗೇಟ್ ತೆಗಿ."

ಚಪ್ಪಲಿ ಮೇಲೆ ಕಣ್ಣಿಟ್ಟು ಕೆಳಗೇ ಇರಿ ಅಂತ ಇಬ್ಬರಿಗೂ ಹೇಳಿ ನಾನೊಬ್ಬಳೇ ಏಳನೇ ಮಹಡಿಗೆ ಹತ್ತಿದೆ. ಮೀಟಿಂಗ್ ರೂಮಿನ ಬಾಗಿಲು ತಳ್ಳಿದೆ. ಮೋನಿಕಾ ಕೂತಿದ್ದರು. ಐವತ್ತು ದಾಟಿದ ಹೆಂಗಸು, ಬಾಚಿ ಕಟ್ಟಿದ ಬಿಳಿ ಕೂದಲು, ಕೈಯಲ್ಲಿ ಪೆನ್ನು. ಸ್ಕ್ರೀನ್ ಮೇಲೆ ಕಾರು ತಿರುಗುತ್ತಿತ್ತು. ಟೇಬಲ್ ಮೇಲೆ ವೇದಾಳ ವಿರುದ್ಧದ ಕಂಪ್ಲೇಂಟು.

ಶರತ್ ಮುಖದಲ್ಲಿ ಇಸ್ತ್ರಿ ಹಾಗೇ ಇತ್ತು. ಕಣ್ಣು ಮಾತ್ರ ನನ್ನನ್ನು ಸುಡುತ್ತಿತ್ತು. "ಮೇಡಂ, ಆಮೇಲೆ ಬನ್ನಿ."

"ಒಂದೇ ಡೌಟು ಸರ್. ಆ ಫ್ಲಾಪ್ ಇನ್ನೊಂದ್ಸಲ ಹತ್ತಿರದಿಂದ ತೋರ್ಸಿ."

"ಹೊರಗೆ ಹೋಗ್ರೀ!"

"ಯಾವ ಫ್ಲಾಪ್?" ಮೋನಿಕಾ ಕೇಳಿದರು. ಎದ್ದು ಸ್ಕ್ರೀನ್ ಹತ್ತಿರ ಹೋದರು. ಕನ್ನಡಕ ಹಾಕಿಕೊಂಡರು. "ಇದು ನನ್ನ ಕಾರಲ್ಲಿ ಇಲ್ಲ."

"ರ್‍ಯಾಲಿ ಸ್ಪೆಷಲ್ ಮೇಡಂ," ಶರತ್ ಬೆವರಿದ. "ಏರೋ ಫ್ಲಾಪ್. ಕಾರ್ಬನ್..."

"ನಮ್ಮಪ್ಪನಿಗೆ ಕಾರ್ಬನ್ ಅಂದ್ರೆ ಟೈಪ್‌ರೈಟರ್ ಪೇಪರ್ ಒಂದೇ ಗೊತ್ತಿದ್ದದ್ದು ಶರತ್. ಇದು ಯಾರ ಕಾರು?"

ಬಾಗಿಲು ಮತ್ತೆ ತೆರೆಯಿತು.

ಮುನಿನಾರಾಯಣಮ್ಮ. ಹಿಂದೆ ವೇದಾ. ಮುನಿನಾರಾಯಣಮ್ಮನ ಬಲಗೈಯಲ್ಲಿ ಆ ಚಪ್ಪಲಿ, ಕಪ್ಪು ದಾರ ಇನ್ನೂ ನೇತಾಡುತ್ತಿದೆ. ನಾನು ಬೇಡಿದಾಗ ಕೊಡದವರು ತಾವೇ ಬಿಚ್ಚಿದ್ದರು. ಗಂಡ ಕಟ್ಟಿದ ಗಂಟು.

"ಈ ಮಗಾ ಕಳ್ಳಿ ಅಂದೋನು ಯಾವನು?"

ಆಯಮ್ಮ ಚಪ್ಪಲಿಯನ್ನು ಗಾಜಿನ ಟೇಬಲ್ ಮೇಲೆ ಟಪ್ ಅಂತ ಇಟ್ಟರು. ಮೋನಿಕಾ ಚಪ್ಪಲಿ ನೋಡಿದರು. ಸ್ಕ್ರೀನ್ ನೋಡಿದರು. ಅದೇ ಸವೆದ ಹಿಮ್ಮಡಿ, ಅದೇ ಬಾರು. ಫಾರಿನ್ ಆರ್ಟಿಸ್ಟು ಸೇಫ್ಟಿ ಪಿನ್ನನ್ನೂ ಬಿಟ್ಟಿರಲಿಲ್ಲ, ಕ್ರೋಮ್ ಹಚ್ಚಿದ್ದ.

ಮೋನಿಕಾ ಪೆನ್ನಿನ ಮುಚ್ಚಳ ಹಾಕಿದರು. "ಲೈಸೆನ್ಸ್ ಕ್ಯಾನ್ಸಲ್. ನಾಳೆ ಲಾಯರ್ ಲೆಟರ್ ಬರುತ್ತೆ." ಕಂಪ್ಲೇಂಟ್ ಎತ್ತಿಕೊಂಡು ಓದಿದರು, ನಾಲ್ಕಾಗಿ ಹರಿದರು. ವೇದಾ ಕಡೆ ತಿರುಗಿದರು. ಆಗಲೂ ಅವರ ಮುಖದಲ್ಲಿ ಕರುಣೆ ಇರಲಿಲ್ಲ. "ನನ್ನನ್ನ ಕೇಳದೆ ಸ್ಕ್ಯಾನ್ ಮಾಡಿದ್ದು ನಿಂದೂ ತಪ್ಪೇ. ಸೋಮವಾರ ಬಾ, ಪರ್ಮಿಷನ್ ಕೊಡ್ತೀನಿ. ಎಕ್ಸ್‌ಕ್ಲೂಸಿವ್ ಅನ್ನೋ ಮಾತು ಇನ್ಮೇಲೆ ಯಾರಿಗೂ ಇಲ್ಲ. ಆದ್ರೆ ಆ ಚಪ್ಪಲಿ ನನ್ನ ಕಾರಲ್ಲಿ ಕಾಣ್ಬಾರ್ದು."

"ಚಪ್ಪಲಿ ಇಲ್ದಿದ್ರೆ ಗಾಡೀನೂ ಇಲ್ಲ," ಅಂದರು ಮುನಿನಾರಾಯಣಮ್ಮ.

ಇಬ್ಬರೂ ದಿಟ್ಟಿಸಿದರು. ಮೋನಿಕಾ ಮೊದಲು ಕಣ್ಣು ತಿರುಗಿಸಿದರು.

ವೇದಾ ಅಳುತ್ತಿದ್ದಳು. ಶರತ್ ನನ್ನ ಕಡೆ ನುಗ್ಗಿದ. ಇಸ್ತ್ರಿ ಪೂರ್ತಿ ಹೋಗಿತ್ತು.

"ನಿಮ್ಮನ್ನ ಕೆಲಸಕ್ಕೆ ಕರೆಸಿದ್ದು ನಾನು!"

"ಹೌದು ಸರ್. ಕಳ್ಳನ್ನ ಹಿಡೀರಿ ಅಂದ್ರಿ. ಹಿಡಿದೆ."

"ಒಂದು ಹಳೇ ಕೊಳಕು ಚಪ್ಪಲಿಗೋಸ್ಕರ..."

ಅವನು ಆ ಮಾತು ಆಡಬಾರದಿತ್ತು.

ಮುನಿನಾರಾಯಣಮ್ಮ ಟೇಬಲ್ ಮೇಲಿನ ಚಪ್ಪಲಿ ಎತ್ತಿದರು. ಒಂದೇ ಏಟು, ಎಡಗೆನ್ನೆಗೆ. ಪಿನ್ನಿನ ಅಚ್ಚು ಸಮೇತ ಮೂಡಿತು. ಏಳನೇ ಮಹಡಿಯ ಗಾಜೆಲ್ಲ ಝಲ್ಲೆಂದಿತು.

ಹೆಂಗಸರು ಮೂವರನ್ನೂ ಕರೆದುಕೊಂಡು ಲಿಫ್ಟಿನಲ್ಲಿ ಇಳಿದೆ. ಕೆಳಗೆ ಪಾರ್ಕಿಂಗಿನ ಕತ್ತಲಲ್ಲಿ ಮುನಿನಾರಾಯಣಮ್ಮ ನೆಲದ ಮೇಲೆ ಕೂತು ಚಪ್ಪಲಿಯನ್ನು ಮತ್ತೆ ಬಂಪರ್‌ಗೆ ಕಟ್ಟಿದರು. ಮೋನಿಕಾ ಮೇಡಂ ಟಾರ್ಚ್ ಹಿಡಿದಿದ್ದರು.

ಚಪ್ಪಲಿ ಏಟು ತಿಂದವರನ್ನು ಬಹಳ ಜನರನ್ನು ನೋಡಿದ್ದೇನೆ ಸ್ವಾಮಿ... ಎಕ್ಸ್‌ಕ್ಲೂಸಿವ್ ಆಗಿ ತಿಂದವನು ಇವನೊಬ್ಬನೇ!